ಈರಣ್ಣನ ಮುದ್ದೆ ಬಿಡಿಸಿದ್ದು

ನಿವೃತ್ತಿಗೆ ಮೂರು ತಿಂಗಳಿದ್ದಾಗ, ನನ್ನ ಜಾಗಕ್ಕೆ ಬರಬೇಕಾದ ಹುಡುಗಿ ಆಯೇಷಾ ನಮ್ಮ ಆಸ್ಪತ್ರೆಗೆ ಸೇರಿದಳು. ಮೊದಲ ವಾರದಲ್ಲೇ ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತಾ ಕೇಳಿದಳು: "ಮೇಡಂ, ನಿಮ್ಮ ಕೈಲಿ ವಾಸಿಯಾದೋರ ಕಥೆ ಇಲ್ಲಿ ಎಲ್ಲಾರೂ ಹೇಳ್ತಾರೆ. ನಿಮ್ಮ ಕೈಲಿ ಕೆಟ್ಟೋರು ಯಾರಾದ್ರೂ ಇದಾರಾ?"

ನಾನು ಉಪ್ಪಿನಕಾಯಿ ಬಡಿಸಿ ಮಾತು ತಿರುಗಿಸಿದೆ. ಅವಳು ಕೇಳಿದ್ದು ಸರಿಯಾದ ಪ್ರಶ್ನೆ. ಈ ಕೆಲಸಕ್ಕೆ ಬರುವವರೆಲ್ಲ ಕೇಳಬೇಕಾದ ಪ್ರಶ್ನೆ ಕೂಡ. ಅವತ್ತು ಹೇಳದ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ತಿಪಟೂರಿನ ಒಂದು ಆಸ್ಪತ್ರೆಯಲ್ಲಿ ನಾನು ಆಹಾರ ತಜ್ಞೆಯಾಗಿದ್ದೆ. ರೋಗಿಗಳ ಬಾಯಲ್ಲಿ "ಊಟದ ಮೇಡಂ". ನಾನು ಸೇರಿದ ಹೊಸದರಲ್ಲಿ ಇಲಾಖೆಯ ಒಟ್ಟು ಆಸ್ತಿ ಒಂದು ಮೇಜು, ಒಂದು ತೂಕದ ಯಂತ್ರ ಮತ್ತು ಇಂಗ್ಲಿಷಿನಿಂದ ಯಾರೋ ಕನ್ನಡಕ್ಕಿಳಿಸಿದ್ದ ಪಥ್ಯದ ಚೀಟಿಗಳ ಒಂದು ಕಟ್ಟು. ಸಕ್ಕರೆ ಕಾಯಿಲೆಗೊಂದು ಚೀಟಿ, ರಕ್ತದೊತ್ತಡಕ್ಕೊಂದು, ಹೊಟ್ಟೆ ಹುಣ್ಣಿಗೊಂದು. ಬೆಳಿಗ್ಗೆ ಎರಡು ಸ್ಲೈಸ್ ಬ್ರೆಡ್, ಮಧ್ಯಾಹ್ನ ಒಂದು ಕಪ್ ಅನ್ನ, ಸಂಜೆ ಒಂದು ಸೇಬು. ಅರಳಗುಪ್ಪೆಯ ಅಜ್ಜಿಯೊಬ್ಬರು ಆ ಚೀಟಿಯನ್ನು ಮೊಮ್ಮಗಳ ಕೈಲಿ ಪೂರ್ತಿ ಓದಿಸಿ ಕೇಳಿಸಿಕೊಂಡು, "ಇದ್ರಾಗೆ ಊಟ ಎಲ್ಲೈತವ್ವಾ?" ಎಂದಿದ್ದರು. ನಾನು ನಕ್ಕುಬಿಟ್ಟಿದ್ದೆ. ಅಜ್ಜಿ ನಕ್ಕಿರಲಿಲ್ಲ.

ನನ್ನ ಮೇಲಿದ್ದವರು ಡಾಕ್ಟರ್ ನಂಜುಂಡಯ್ಯ, ಹೊಟ್ಟೆ ಮತ್ತು ಕರುಳಿನ ಕಾಯಿಲೆಗಳನ್ನು ನೋಡುತ್ತಿದ್ದವರು. ಕಡಿಮೆ ಮಾತು. ಸಿಟ್ಟು ಬಂದರೆ ಇನ್ನೂ ಕಡಿಮೆ. ರೋಗಿಯ ಕಡತ ಮುಂದಿಟ್ಟರೆ ಮೊದಲು ತೂಕ ನೋಡುತ್ತಿದ್ದರು, ಆಮೇಲೆ ನನ್ನ ಮುಖ. ಅವರ ಮೆಚ್ಚುಗೆ ಗಳಿಸಬೇಕೆಂಬ ಆಸೆ ನನಗೆ ಕೊನೆಯವರೆಗೂ ಇತ್ತು. ನನ್ನ ತಪ್ಪಿನಲ್ಲಿ ಆ ಆಸೆಯ ಪಾಲೂ ಇದೆ ಎಂದು ಆಮೇಲೆ ಅನ್ನಿಸಿದೆ.

ಆ ತಪ್ಪಿಗೆ ಮುಂಚೆ ಒಂದು ಗೆಲುವಿತ್ತು. ಅದನ್ನು ಮೊದಲು ಹೇಳಬೇಕು.

ಹುಳಿಯಾರಿನ ಕಡೆಯ ಒಂದು ಹಟ್ಟಿಯಿಂದ ಕೆಂಚಮ್ಮ ಎನ್ನುವ ತಾಯಿ ತನ್ನ ನಾಲ್ಕು ವರ್ಷದ ಮಗಳನ್ನು ಕರೆತಂದಿದ್ದಳು. ಕುರಿ ಸಾಕುವ ಮನೆ. ಮಗು ಏನನ್ನು ನೋಡಬೇಕಾದರೂ ಕಣ್ಣಿಗೆ ತಾಗಿಸಿಕೊಂಡು ನೋಡುತ್ತಿತ್ತು. ಕಣ್ಣಿನ ಡಾಕ್ಟರು ಬೆಂಗಳೂರಿಗೆ ಕಳಿಸಿದರು. ಅಲ್ಲಿ ರಕ್ತ ಪರೀಕ್ಷೆ ಮಾಡಿ ಹುಟ್ಟಿನಿಂದ ಬಂದ ಒಂದು ಅಪರೂಪದ ಕಾಯಿಲೆ ಎಂದರು.

ನಾವು ತಿನ್ನುವ ಪ್ರೋಟೀನನ್ನು ಮಣಿಸರ ಎಂದುಕೊಂಡರೆ, ಅದರ ಒಂದೊಂದು ಮಣಿಯೂ ಒಂದೊಂದು ಅಮೈನೋ ಆಮ್ಲ. ಅವುಗಳಲ್ಲಿ ಮೆಥಿಯೋನಿನ್ ಎಂಬುದೊಂದು. ಅದನ್ನು ದೇಹ ತಾನಾಗಿ ತಯಾರಿಸಿಕೊಳ್ಳಲಾರದು, ಊಟದಿಂದಲೇ ಬರಬೇಕು. ಈ ಮಗುವಿನ ದೇಹಕ್ಕೆ ಬಂದದ್ದನ್ನು ಪೂರ್ತಿ ಕರಗಿಸಿಕೊಳ್ಳುವ ಶಕ್ತಿ ಇರಲಿಲ್ಲ. ಮಿಕ್ಕಿದ್ದು ರಕ್ತದಲ್ಲಿ ವಿಷವಾಗಿ ನಿಲ್ಲುತ್ತಿತ್ತು. ಹಾಗಾಗಿ ಮೊಟ್ಟೆ, ಮಾಂಸ, ಹಾಲು, ಎಳ್ಳು ಎಲ್ಲಕ್ಕೂ ಕಡಿವಾಣ. ನಮ್ಮ ಧಾನ್ಯಗಳಲ್ಲಿ ಮೆಥಿಯೋನಿನ್ ಚೆನ್ನಾಗಿರುವುದು ರಾಗಿಯಲ್ಲಿ, ಅದಕ್ಕೂ ಕಡಿವಾಣ. ಬದಲಿಗೆ ಆ ಒಂದು ಮಣಿಯನ್ನು ತೆಗೆದು ತಯಾರಿಸಿದ ಪುಡಿಯ ಹಾಲು.

ಬೆಂಗಳೂರಿನ ಡಾಕ್ಟರು ಬರೆದುಕೊಟ್ಟಿದ್ದನ್ನು ಹಟ್ಟಿಯ ಅಡುಗೆಗೆ ಹೊಂದಿಸಿಕೊಡುವುದು ನನ್ನ ಕೆಲಸವಾಯಿತು. ಆ ಪುಡಿ ಹಾಲಿನ ವಾಸನೆ ಸಹಿಸುವಂಥದ್ದಲ್ಲ. ಕೆಂಚಮ್ಮ ನನ್ನೆದುರೇ ಒಂದು ಲೋಟ ಕಲಸಿ, ತಾನು ಮೊದಲು ಅರ್ಧ ಕುಡಿದು, ಮುಖ ಕಿವುಚದೆ, "ಚೆನ್ನಾಗೈತೆ ಕಣೇ, ಕುಡಿ" ಎಂದು ಮಗಳಿಗೆ ಕೊಟ್ಟಳು. ಮನೆಯಲ್ಲಿ ದಿನವೂ ಅಕ್ಕಿಯನ್ನು ಸಣ್ಣ ತಕ್ಕಡಿಯಲ್ಲಿ ತೂಗಿ ಬೇಯಿಸುತ್ತಿದ್ದಳು. ಓದು ಬರುತ್ತಿರಲಿಲ್ಲ. ಬಚ್ಚಲ ಗೋಡೆಗೆ ಇದ್ದಿಲಿನಲ್ಲಿ ಗೀಟು ಎಳೆದು ಲೆಕ್ಕ ಇಡುತ್ತಿದ್ದಳು. ವರ್ಷ ಕಳೆಯುವಷ್ಟರಲ್ಲಿ ಮಗುವಿನ ರಕ್ತದ ವರದಿ ಹತೋಟಿಗೆ ಬಂತು. ಕಣ್ಣಿನ ಆಪರೇಷನ್ ಆಯಿತು. ಈಗ ಆ ಹುಡುಗಿ ಹೈಸ್ಕೂಲಿನಲ್ಲಿದ್ದಾಳೆ, ದಪ್ಪ ಕನ್ನಡಕ ಹಾಕಿಕೊಂಡು ಮುಂದಿನ ಬೆಂಚಿನಲ್ಲಿ ಕೂರುತ್ತಾಳೆ.

ಅದು ಕೆಂಚಮ್ಮನ ಗೆಲುವು. ನಾನು ಅದನ್ನು ನನ್ನದೆಂದುಕೊಂಡೆ. ಮೆಥಿಯೋನಿನ್ ಎಂಬ ಹೆಸರು ಎಲ್ಲಿ ಕಂಡರೂ ನನ್ನ ಸ್ವಂತ ವಿಷಯ ಎನ್ನುವಂತೆ ಓದತೊಡಗಿದೆ.

ಹಾಗೆ ಓದುವಾಗ ಸಿಕ್ಕಿದ್ದು ಕರುಳಿನ ಬಗೆಗಿನ ಒಂದು ಲೇಖನ. ನಮ್ಮ ಕರುಳಿನಲ್ಲಿ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾಗಳಿವೆ. ನಾವು ಉಂಡದ್ದರಲ್ಲಿ ಮಿಕ್ಕಿದ್ದು ಅವುಗಳ ಊಟ. ಮೆಥಿಯೋನಿನ್‌ನಲ್ಲಿ ಗಂಧಕವಿದೆ. ಕೆಲವು ಬ್ಯಾಕ್ಟೀರಿಯಾಗಳು ಗಂಧಕದಿಂದ ಕೊಳೆತ ಮೊಟ್ಟೆಯ ವಾಸನೆಯ ಅನಿಲವನ್ನು ಮಾಡುತ್ತವೆ. ಅದು ಹೆಚ್ಚಾದರೆ ಕರುಳಿನ ಒಳಪದರ ಕೆರಳಬಹುದು. ಇಲಿಗಳಿಗೆ ಈ ಒಂದು ಅಮೈನೋ ಆಮ್ಲವನ್ನು ಕಡಿಮೆ ಮಾಡಿದ ಆಹಾರ ಕೊಟ್ಟು ನೋಡಿದ ಕಡೆ ಬ್ಯಾಕ್ಟೀರಿಯಾಗಳ ಬಳಗವೇ ಬದಲಾಗಿ ಉರಿಯೂತ ತಗ್ಗಿದ್ದನ್ನು ಕಂಡಿದ್ದರು. ಓದಿ ನನಗೆ ಎದ್ದು ಕುಣಿಯುವಷ್ಟು ಖುಷಿಯಾಯಿತು. ಕುಣಿಯುವ ಆತುರದಲ್ಲಿ ಕೊನೆಯ ಪುಟಗಳನ್ನು ಓದಲಿಲ್ಲ.

ಅದೇ ವಾರ ಈರಣ್ಣ ಬಂದದ್ದು.

ದಬ್ಬೇಘಟ್ಟದ ಹತ್ತಿರದವನು, ನಲವತ್ತರ ಆಸುಪಾಸು. ತೋಟದಿಂದ ತೋಟಕ್ಕೆ ಹೋಗಿ ತೆಂಗಿನಕಾಯಿ ಸುಲಿಯುವ ಗುಂಪಿನಲ್ಲಿದ್ದ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ, ಮೂರು ಸಲ ತಿರುವಿದರೆ ಮಟ್ಟೆ ಬಿಚ್ಚಿಕೊಳ್ಳುತ್ತಿತ್ತಂತೆ. ಅವನ ವೇಗಕ್ಕೆ ಗುಂಪಿನಲ್ಲಿ ಸಮನಿರಲಿಲ್ಲ. ಈಗ ದೊಡ್ಡ ಕರುಳಿನಲ್ಲಿ ಹುಣ್ಣು. ದಿನಕ್ಕೆ ಹತ್ತು ಹನ್ನೆರಡು ಸಲ ರಕ್ತಭೇದಿ.

"ಕಾಯಿಲೆ ಅಲ್ಲ ಕಣ್ರೀ ಮೇಡಮ್ಮೋರೆ ನಂಗೆ ಬೇಜಾರು," ಎಂದ ತಲೆ ತಗ್ಗಿಸಿ. "ಬೇರೆಯವ್ರ ತೋಟ. ಕಾಯಿ ಕೈಲಿ ಹಿಡ್ದಿರ್ತೀನಿ, ತಟ್ಟಂತ ಬತ್ತದೆ. ಎತ್ಲಾಗ್ ಓಡ್ಲಿ? ಒಂದಿನ ಬಟ್ಟೆಲೇ ಆಗೋಯ್ತು. ಜೊತೆಗಿದ್ದೋರು ಒಬ್ರೂ ನಗ್ಲಿಲ್ಲ. ನಕ್ಕಿದ್ರೆ ಬೈದು ಸುಮ್ಕಾಗ್ತಿದ್ದೆ."

ಅವತ್ತಿನಿಂದ ಅವನು ಕೆಲಸಕ್ಕೆ ಹೋಗಿರಲಿಲ್ಲ. ಡಾಕ್ಟರು ಮಾತ್ರೆ ಬರೆದಿದ್ದರು. ಮಾತ್ರೆಗೆ ಬಗ್ಗದಿದ್ದರೆ ಮುಂದೆ ಕರುಳನ್ನೇ ತೆಗೆಯಬೇಕಾಗಬಹುದು ಎಂದೂ ಹೇಳಿದ್ದರು. ಆ ಮಾತು ಕೇಳಿ ಬಂದವನ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. ನಾನು ಹೇಳಿದ ಮಾತುಗಳು ಇವು, ಇವತ್ತಿಗೂ ಒಂದಕ್ಷರ ಮರೆತಿಲ್ಲ:

"ಈರಣ್ಣ, ನಮ್ಮ ಊಟದಲ್ಲಿ ಒಂದು ಅಂಶ ಇದೆ. ಅದನ್ನ ಕಡಿಮೆ ಮಾಡಿದ್ರೆ ಕರುಳಿನ ಕೆಟ್ಟ ಕ್ರಿಮಿಗಳು ಕಡಿಮೆ ಆಗ್ತವೆ, ಹುಣ್ಣೂ ಮಾಯುತ್ತೆ ಅಂತ ಈಗ ಕಂಡುಹಿಡಿದಿದಾರೆ. ಮೊಟ್ಟೆ, ಮಾಂಸ, ಎಳ್ಳು, ಹಾಲಲ್ಲಿ ಅದು ಜಾಸ್ತಿ. ರಾಗೀಲೂ ಇದೆ. ಇವನ್ನೆಲ್ಲ ಕಮ್ಮಿ ಮಾಡು."

"ಮುದ್ದೇನೂವಾ?"

"ಮುದ್ದೇನೂ."

ಎಷ್ಟು ಕಮ್ಮಿ, ಎಷ್ಟು ದಿನ, ಅದರ ಬದಲಿಗೆ ಏನು ತಿನ್ನಬೇಕು, ಒಂದನ್ನೂ ಹೇಳಲಿಲ್ಲ. ಕಂಡುಹಿಡಿದದ್ದು ಇಲಿಗಳಲ್ಲಿ ಎಂದು ಕೂಡ ಹೇಳಲಿಲ್ಲ. ಹೊರಗೆ ಇನ್ನೂ ಹದಿನೈದು ಜನ ಕಾಯುತ್ತಿದ್ದರು.

ಎರಡು ವಾರಕ್ಕೆ ಬಂದ. ಹನ್ನೆರಡು ಸಲ ಇದ್ದದ್ದು ನಾಲ್ಕಕ್ಕೆ ಇಳಿದಿತ್ತು, ರಕ್ತ ಕಡಿಮೆಯಾಗಿತ್ತು. ಕೈಮುಗಿದ. ನಾನು ಎಲ್ಲರಿಗೂ ಹೇಳಿಕೊಂಡು ಬಂದೆ. ನರ್ಸ್‌ಗಳಿಗೆ ಹೇಳಿದೆ, ಮನೆಯಲ್ಲಿ ಹೇಳಿದೆ. ನಂಜುಂಡಯ್ಯನವರಿಗೂ ಹೇಳಿದೆ. ಅವರು ಕಡತ ನೋಡಿ, "ತೂಕ ಎರಡು ಕೆಜಿ ಇಳಿದಿದೆಯಲ್ಲ?" ಎಂದರು. "ಕಾಯಿಲೆ ಇತ್ತಲ್ಲ ಸರ್, ಈಗ ಏರುತ್ತೆ," ಎಂದೆ. ಅವರು ಕೊಟ್ಟಿದ್ದ ಮಾತ್ರೆ ಶಕ್ತಿಯುತವಾದದ್ದು, ಎರಡು ವಾರದಲ್ಲಿ ಗುಣ ಕಾಣಿಸುವಂಥದ್ದು. ಆ ಗುಣವನ್ನು ನಾನು ನನ್ನ ಮಾತಿನ ಖಾತೆಗೆ ಹಾಕಿಕೊಂಡಿದ್ದೆ.

ಮುಂದಿನ ತಾರೀಖಿಗೆ ಈರಣ್ಣ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಫೋನ್ ಮಾಡಿದರೆ ಸ್ವಿಚ್ ಆಫ್. ವಾಸಿಯಾಗಿ ಕೆಲಸಕ್ಕೆ ಹೋಗುತ್ತಿರಬೇಕು ಎಂದುಕೊಂಡೆ. ಆದರೂ ಮನಸ್ಸಿನಲ್ಲಿ ಒಂದು ಮುಳ್ಳು. ಒಂದು ಸಂಜೆ ಆ ಲೇಖನವನ್ನು ತೆಗೆದು, ಬಿಟ್ಟಿದ್ದ ಪುಟಗಳನ್ನು ಓದಿದೆ. ಅಲ್ಲಿ ಸ್ಪಷ್ಟವಾಗಿತ್ತು. ಇಲಿಯಲ್ಲಿ ಕಂಡದ್ದು ಮನುಷ್ಯರಲ್ಲಿ ಹಾಗೇ ಆಗುತ್ತದೆಂದು ಹೇಳಲು ಬಾರದು. ಎಷ್ಟು ಕಡಿಮೆ ಎನ್ನುವುದರ ಮೇಲೆ ಎಲ್ಲ ನಿಂತಿದೆ. ತೀರಾ ಕಡಿಮೆಯಾದರೆ ಕರುಳಿನ ಒಳಪದರಕ್ಕೆ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳಲೂ ಸಾಮಗ್ರಿ ಇರುವುದಿಲ್ಲ.

ಮಾರನೆಯ ದಿನ ರಜೆ ಹಾಕಿ ದಬ್ಬೇಘಟ್ಟದ ಬಸ್ಸು ಹತ್ತಿದೆ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಈರಣ್ಣನ ಹೆಂಡತಿ ಸಾಕಮ್ಮ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು, ಬನ್ನಿ ಎನ್ನಲಿಲ್ಲ. ಒಳಗೆ ಚಾಪೆಯ ಮೇಲೆ ಈರಣ್ಣ ಗೋಡೆಗೆ ಒರಗಿ ಕೂತಿದ್ದ. ಕೆನ್ನೆ ಒಳಕ್ಕೆ ಹೋಗಿತ್ತು. ಪಾದಗಳು ಮಾತ್ರ ಊದಿಕೊಂಡು ಹೊಳೆಯುತ್ತಿದ್ದವು. ಬೆರಳಿನಿಂದ ಒತ್ತಿದೆ. ಒತ್ತಿದ ಗುಳಿ ಹಾಗೇ ಉಳಿಯಿತು. ಪ್ರೋಟೀನ್ ಸಾಲದ ದೇಹದ ಬಾವು ಅದು.

"ಏನ್ ತಿಂತಿದೀಯ ಈರಣ್ಣ?"

ಅವನು ಉತ್ತರ ಕೊಡುವ ಮೊದಲೇ ಸಾಕಮ್ಮ ಬಾಗಿಲಲ್ಲಿ ನಿಂತು ಹೇಳಿದಳು: "ಅನ್ನದ ಗಂಜಿ, ಎಳನೀರು. ಇನ್ನೇನಿಲ್ಲ. ನೀವು ಹೇಳ್ದಂಗೇ ಕಣ್ರೀ! ಮೊಟ್ಟೆ ಬುಡು ಅಂದ್ರಿ, ಬುಟ್ಟ. ಹಾಲ್ ಬುಡು ಅಂದ್ರಿ, ಬುಟ್ಟ. ಮುದ್ದೆ ಬುಡು ಅಂದ್ರಲ್ಲ, ಈ ಮನುಷ್ಯ ಹುಟ್ಟಿದಾಗಿಂದ ಒಂದೊತ್ತು ಮುದ್ದೆ ಬುಟ್ಟೋನಲ್ಲ, ಅದ್ನೂ ಬುಟ್ಟ. ಬೇಳೆ ಕಟ್ಟು ಕೊಟ್ರೆ, ಅದ್ರಾಗೂ ಆ ಅಂಶ ಇರಬೋದು ಅಂತ ಮುಟ್ಟಾಕಿಲ್ಲ."

"ಮಾತ್ರೆ?"

ಈರಣ್ಣ ಮೆಲ್ಲಗೆ ಅಂದ, "ಊಟದಾಗೇ ವಾಸಿ ಆಗ್ತದಲ್ಲ ಅಂತ ನಿಲ್ಲಿಸ್ದೆ. ಅವು ಬಲೇ ಉಷ್ಣ."

ಮಾತ್ರೆ ನಿಂತ ಮೇಲೆ ರಕ್ತ ಮತ್ತೆ ಶುರುವಾಗಿತ್ತು. ಪಥ್ಯ ಸಾಲದು ಎಂದುಕೊಂಡು ಅವನು ಊಟವನ್ನು ಇನ್ನೂ ಕಡಿಮೆ ಮಾಡಿದ್ದ. ಮೇಡಂ ಹೇಳಿದ್ದನ್ನು ಸರಿಯಾಗಿ ಮಾಡಲಿಲ್ಲ ಎಂಬ ನಾಚಿಕೆಯಿಂದ ಆಸ್ಪತ್ರೆಗೂ ಬಂದಿರಲಿಲ್ಲ. ಫೋನ್ ಕೆಟ್ಟಿತ್ತು.

ನಾನು ಅವನ ಎದುರು ನೆಲದ ಮೇಲೆ ಕೂತೆ. "ನಿಂದು ತಪ್ಪಿಲ್ಲ ಈರಣ್ಣ," ಎಂದೆ. "ನಾನೇ ತಪ್ಪು ಹೇಳಿದೆ. ಅರ್ಧ ತಿಳಕೊಂಡು ಹೇಳಿದೆ. ಸಾಕಮ್ಮ, ತಪ್ಪಾಯ್ತು."

ಸಾಕಮ್ಮ ಬಾಗಿಲಿನಿಂದ ಒಳಗೆ ಬಂದಳು. "ತಪ್ಪಾಯ್ತು ಅಂದ್ರೆ ಕಾಲಿನ ಬಾವು ಇಳೀತದಾ? ಈಗ ಏನ್ ಮಾಡ್ಬೇಕು ಅಷ್ಟು ಹೇಳಿ," ಎಂದಳು. ಅದಕ್ಕಿಂತ ಸರಿಯಾದ ಮಾತು ಆ ಹೊತ್ತಿನಲ್ಲಿ ಬೇರೆ ಇರಲಿಲ್ಲ. ಆಟೋ ಮಾಡಿಸಿ, ಅವರಿಬ್ಬರನ್ನೂ ಕೂರಿಸಿಕೊಂಡು ತಿಪಟೂರಿಗೆ ಬಂದೆ.

ಈರಣ್ಣನನ್ನು ವಾರ್ಡಿಗೆ ಸೇರಿಸಿದ ಮೇಲೆ ನಂಜುಂಡಯ್ಯನವರು ನನ್ನನ್ನು ಕೋಣೆಗೆ ಕರೆದರು. ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಕೇಸ್ ಶೀಟನ್ನು ನನ್ನ ಕಡೆ ತಳ್ಳಿದರು.

"ಬರೀರಿ."

"ಏನು ಸರ್?"

"ನೀವು ಅವನಿಗೆ ಏನು ಹೇಳಿದ್ರಿ, ಅದನ್ನ. ಹೇಳಿದ್ದು ಯಾರು ಅಂತಾನೂ ಬರೀರಿ."

ಪೆನ್ನಿನ ಮುಚ್ಚಳ ತೆಗೆದೆ. ಕೇಸ್ ಶೀಟಿನಲ್ಲಿ ಬರೆದದ್ದು ಅಳಿಸಿಹೋಗುವುದಿಲ್ಲ. ಇಷ್ಟು ವರ್ಷದ ನೌಕರಿ ಈ ಎರಡು ಸಾಲಿನಲ್ಲಿ ಮುಗಿಯಿತು ಎಂದೇ ನನಗೆ ಅನ್ನಿಸಿತು. ಅವರಿಗೆ ಅರ್ಥವಾಗಿರಬೇಕು. "ಮುಂದಿನ ಡ್ಯೂಟಿಗೆ ಬರೋ ಡಾಕ್ಟರಿಗೆ ಗೊತ್ತಾಗಬೇಕಲ್ಲಮ್ಮ, ಇವನ ಕಾಲು ಯಾಕೆ ಊದಿದೆ ಅಂತ," ಎಂದರು. "ಕಿಡ್ನಿ ಅಂದ್ಕೊಂಡು ಇನ್ನೇನೋ ಕೊಟ್ರೆ?"

ಬರೆದೆ. ಹೆಸರು ಹಾಕಿ ಸಹಿ ಮಾಡಿದೆ. ಅವರು ಶೀಟನ್ನು ವಾಪಸ್ ತೆಗೆದುಕೊಂಡು, ನನ್ನ ಸಹಿಯ ಕೆಳಗೆ ತಮ್ಮ ಕೈಯಾರೆ ಒಂದು ಸಾಲು ಸೇರಿಸಿದರು: 'ತೂಕ ಇಳಿದದ್ದನ್ನು ನಾನೂ ನೋಡಿದ್ದೆ, ವಿಚಾರಿಸಲಿಲ್ಲ.' ಅದರ ಕೆಳಗೆ ಅವರ ಸಹಿ. ಮೇಲಧಿಕಾರಿ ಎಂದರೆ ಯಾರು ಎಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಆ ಒಂದು ಸಾಲು.

ಈರಣ್ಣ ವಾರ್ಡಿನಲ್ಲಿ ಮೂರು ವಾರ ಇದ್ದ. ಔಷಧಿಯನ್ನು ಡಾಕ್ಟರು ಮತ್ತೆ ಶುರು ಮಾಡಿದರು. ಊಟ ಶುರು ಮಾಡುವುದು ಅಷ್ಟು ಸುಲಭವಾಗಿರಲಿಲ್ಲ. ಬಹಳ ದಿನ ಹಸಿದ ದೇಹಕ್ಕೆ ಒಮ್ಮೆಲೇ ತುಂಬಿದರೆ ಅಪಾಯ. ಅದಕ್ಕಿಂತ ಕಷ್ಟವಾದದ್ದು ಅವನ ಹೆದರಿಕೆ. ತಟ್ಟೆ ಮುಂದಿಟ್ಟರೆ, "ಇದ್ರಾಗೆ ಅದು ಐತಾ ಮೇಡಮ್ಮೋರೆ?" ಎಂದು ಕೇಳುತ್ತಿದ್ದ. ಆ ಪ್ರಶ್ನೆಯನ್ನು ಅವನ ತಲೆಗೆ ಹಾಕಿದವಳು ನಾನು. "ಐತೆ ಈರಣ್ಣ. ನಿನ್ನ ಕರುಳು ಮಾಯಕ್ಕೆ ಅದು ಬೇಕು," ಎಂದು ಪ್ರತಿ ಸಲವೂ ಹೇಳಬೇಕಾಗಿತ್ತು.

ಸಾಕಮ್ಮನೇ ದಾರಿ ತೋರಿಸಿದಳು. ಹಸುಗೂಸುಗಳಿಗೆ ಮಾಡುವ ಹಾಗೆ ರಾಗಿ ನೆನೆಸಿ, ಅರೆದು, ಬಟ್ಟೆಯಲ್ಲಿ ಸೋಸಿ ನಯವಾದ ಸರಿಯ ಗಂಜಿ ಕಾಯಿಸಿ ತಂದಳು. ಸೋಸಿದ್ದರಿಂದ ಹುಣ್ಣಿದ್ದ ಕರುಳಿಗೆ ನಾರು ತಾಗುತ್ತಿರಲಿಲ್ಲ. ಮೊದಲ ದಿನ ಆರು ಚಮಚ. ಆಮೇಲೆ ಅದರ ಜೊತೆಗೆ ತಿಳಿಬೇಳೆ, ನಂತರ ಮೊಸರು, ಬೆಂದ ಮೊಟ್ಟೆಯ ಬಿಳಿ. ಹತ್ತೊಂಬತ್ತನೆಯ ದಿನ ನಿಂಬೆ ಗಾತ್ರದ ಒಂದು ಮುದ್ದೆ. ಅವನು ಅದನ್ನು ಮುರಿದು ಸಾರಿನಲ್ಲಿ ಅದ್ದಿ, ನುಂಗುವ ಮುಂಚೆ ಒಂದು ಸಲ ನನ್ನ ಕಡೆ ನೋಡಿದ. ನಾನು ತಲೆಯಾಡಿಸಿದೆ. ನುಂಗಿದ. ಪಕ್ಕದ ಹಾಸಿಗೆಯವರು ಏನೂ ಅರ್ಥವಾಗದೆ ನಮ್ಮ ಮೂವರನ್ನೂ ಮಿಕಿ ಮಿಕಿ ನೋಡಿದರು.

ಇಲ್ಲಿ ಒಂದು ತಮಾಷೆಯ ಪ್ರಸಂಗವಿದೆ. ಕರುಳಿನ ಉರಿಯೂತ ನಿಜವಾಗಿ ತಗ್ಗಿದೆಯೇ ಎಂದು ತಿಳಿಯಲು ಮಲದಲ್ಲಿ ಒಂದು ಪರೀಕ್ಷೆ ಮಾಡುತ್ತಾರೆ. ಆಗ ಆ ಪರೀಕ್ಷೆಗೆ ಬೆಂಗಳೂರಿಗೇ ಕಳಿಸಬೇಕಿತ್ತು. ಡಿಸ್ಚಾರ್ಜ್ ಆಗಿ ಎರಡು ತಿಂಗಳ ಮೇಲೆ ಈರಣ್ಣ ಮಾದರಿ ತಂದುಕೊಟ್ಟ ದಿನ, ಅದನ್ನು ಒಯ್ಯುವ ಗಾಡಿ ಬರಲಿಲ್ಲ. ನನಗೆ ಕಾಯುವ ತಾಳ್ಮೆ ಇರಲಿಲ್ಲ. ಐಸ್ ತುಂಬಿದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ನಾನೇ ಬಸ್ಸು ಹತ್ತಿದೆ.

"ಏನ್ ಮೇಡಂ, ಮೀನಾ? ಮೀನಾದ್ರೆ ಮೇಲಿಡಿ, ವಾಸ್ನೆ ಬತ್ತದೆ," ಎಂದ ಕಂಡಕ್ಟರ್.

"ಮೀನಲ್ಲಪ್ಪ, ಆಸ್ಪತ್ರೆ ಸ್ಯಾಂಪಲ್ಲು."

ಕಿಬ್ಬನಹಳ್ಳಿಯಲ್ಲಿ ಹತ್ತಿದ ಒಬ್ಬ ಅಜ್ಜಿ ನನ್ನ ಪಕ್ಕ ಕೂತು, ಡಬ್ಬಿಯ ಮೇಲೆ ಕೈಯಿಟ್ಟು, "ತಣ್ಣಗೈತಲ್ಲ, ಐಸ್ ಕ್ಯಾಂಡಿ ಯಾಪಾರವಾ?" ಎಂದಳು. ಅಲ್ಲಜ್ಜಿ ಎಂದೆ. ಬಿಡಲಿಲ್ಲ. "ಮತ್ತೇನೈತೆ? ಹೇಳೇ, ಕದ್ದೇನು ತಿನ್ನಾಕಿಲ್ಲ!" ಕಡೆಗೆ ಇರುವುದನ್ನು ಹೇಳಿದೆ. ಅಜ್ಜಿ ಕೈ ತೆಗೆದ ವೇಗ ನೋಡಬೇಕಿತ್ತು. ಮುಂದಿನ ಸೀಟು, ಹಿಂದಿನ ಸೀಟು ಎಲ್ಲ ಖಾಲಿ. ಬೆಂಗಳೂರಿನವರೆಗೂ ಕಾಲು ಚಾಚಿಕೊಂಡು ಹೋದೆ.

ವರದಿಯಲ್ಲಿ ಉರಿಯೂತ ಬಹಳಷ್ಟು ಇಳಿದಿತ್ತು. ನಂಜುಂಡಯ್ಯನವರು ಅದನ್ನು ಓದಿ, "ಯಾವುದರಿಂದ ಇಳೀತು?" ಎಂದು ನನ್ನನ್ನು ಕೇಳಿದರು. "ಔಷಧಿಯಿಂದ ಸರ್. ಊಟದ ಪಾಲು ಎಷ್ಟು ಅಂತ ಗೊತ್ತಿಲ್ಲ," ಎಂದೆ. ಮೊದಲ ಬಾರಿಗೆ ಅವರು ನನ್ನ ಉತ್ತರಕ್ಕೆ ನಕ್ಕರು.

ಆಮೇಲೂ ಈ ವಿಷಯವನ್ನು ನಾನು ಕೈಬಿಡಲಿಲ್ಲ. ಬಿಟ್ಟಿದ್ದರೆ ಅದು ಇನ್ನೊಂದು ತಪ್ಪಾಗುತ್ತಿತ್ತು. ತಟ್ಟೆಯಲ್ಲಿರುವುದು ಬದಲಾದರೆ ಕರುಳಿನ ಬ್ಯಾಕ್ಟೀರಿಯಾ ಬದಲಾಗುತ್ತದೆ, ಅವು ಬದಲಾದರೆ ಉರಿಯೂತ ಏರಿಳಿಯಬಹುದು ಎನ್ನುವ ದಾರಿ ಸುಳ್ಳಲ್ಲ. ಅದನ್ನು ಹುಡುಕುತ್ತಿರುವವರ ಕೆಲಸವನ್ನು ಇವತ್ತಿಗೂ ಆಸೆಯಿಂದ ಓದುತ್ತೇನೆ, ಕೊನೆಯ ಪುಟದವರೆಗೂ ಓದುತ್ತೇನೆ. ಒಂದು ದಿನ ಈರಣ್ಣನಂಥವರಿಗೆ ಇಷ್ಟು ಅಳತೆ, ಇಷ್ಟು ದಿನ ಎಂದು ಬರೆದುಕೊಡುವ ಕಾಲ ಬರಬಹುದು. ಬಂದಾಗ ಅದನ್ನು ಬರೆದುಕೊಡುವವರು ಈಗ ಈ ಕೆಲಸಕ್ಕೆ ಬರುತ್ತಿರುವ ನೀವು. ನಾನಿದ್ದಷ್ಟು ಕಾಲ, ಕಾಯಿಲೆ ಶಾಂತವಾಗಿ ತೂಕ ಸರಿಯಾದ ಮೇಲೆ, ಡಾಕ್ಟರನ್ನು ಕೇಳಿ, ದಿನವೂ ಮಾಂಸ ತಿನ್ನುವವರಿಗೆ ಅದರಲ್ಲಿ ಒಂದಷ್ಟು ಬಿಡಿಸಿ ಹುರುಳಿ, ಅವರೆ, ಹೆಸರುಕಾಳು ರೂಢಿ ಮಾಡಿಸುತ್ತಿದ್ದೆ. ಕಾಳುಗಳಲ್ಲಿ ಮೆಥಿಯೋನಿನ್ ತಾನಾಗಿಯೇ ಕಡಿಮೆ, ಪ್ರೋಟೀನಿಗೆ ಕೊರತೆಯಿಲ್ಲ. ಕಾಳಿನಲ್ಲಿ ಇಲ್ಲದ್ದನ್ನು ಮುದ್ದೆ ತುಂಬಿಕೊಡುತ್ತದೆ. ನಮ್ಮ ಸೀಮೆಯ ಊಟವನ್ನು ನಾನು ಓದಿ ಸರಿಪಡಿಸಬೇಕಾಗಿರಲಿಲ್ಲ, ಓದಿ ಅರ್ಥ ಮಾಡಿಕೊಳ್ಳಬೇಕಾಗಿತ್ತು.

ಕೆಲಸ ಮಾಡುವ ರೀತಿಯನ್ನೂ ಬದಲಾಯಿಸಿದೆ. ಚೀಟಿಯ ಕಟ್ಟನ್ನು ಹಳೆ ಪೇಪರಿನವನಿಗೆ ಹಾಕಿದೆ. ರೋಗಿ ಏಳುವ ಮುಂಚೆ, "ಈಗ ನಾನು ಏನು ಹೇಳಿದೆ, ನೀವೇ ಹೇಳಿ," ಎನ್ನುವುದನ್ನು ರೂಢಿ ಮಾಡಿಕೊಂಡೆ. ಅದರಿಂದ ಎಷ್ಟು ಗಂಡಾಂತರ ತಪ್ಪಿದೆಯೋ ಲೆಕ್ಕವಿಲ್ಲ. 'ಕಮ್ಮಿ ಮಾಡಿ' ಎಂದರೆ ಒಬ್ಬರು ಅರ್ಧ ಮಾಡುತ್ತಾರೆ, ಒಬ್ಬರು ಪೂರ್ತಿ ಬಿಡುತ್ತಾರೆ, ಇನ್ನೊಬ್ಬರು ಏನೂ ಮಾಡುವುದಿಲ್ಲ. ಪೂರ್ತಿ ಬಿಡುವವರು ನಮ್ಮನ್ನು ಹೆಚ್ಚು ನಂಬಿದವರು. ಅವರ ವಿಷಯದಲ್ಲೇ ನಾವು ಹೆಚ್ಚು ಹೆದರಬೇಕಾದದ್ದು. ಎರಡು ಸಲ ತಾರೀಖು ತಪ್ಪಿಸಿದವರ ಮನೆಗೆ ಫೋನ್, ಫೋನ್ ಸಿಗದಿದ್ದರೆ ಬಸ್ಸು. ಇದನ್ನು ಯಾರೂ ಆದೇಶ ಮಾಡಲಿಲ್ಲ. ಕೇಸ್ ಶೀಟಿನಲ್ಲಿ ನಾನು ಬರೆದದ್ದನ್ನು ಓದಿದ್ದ ನರ್ಸ್‌ಗಳು ತಾವಾಗಿಯೇ ನನ್ನ ಜೊತೆ ಸೇರಿಕೊಂಡರು.

ನಿವೃತ್ತಿಯ ವಾರದಲ್ಲಿ ಅರಳಗುಪ್ಪೆಯಿಂದ ರೂಪಾ ಎನ್ನುವ ಹತ್ತೊಂಬತ್ತು ವರ್ಷದ ಹುಡುಗಿಯನ್ನು ಕರೆತಂದರು. ಈರಣ್ಣನದೇ ಕಾಯಿಲೆ. ಫೋನಿನಲ್ಲಿ ನೋಡಿದ ವಿಡಿಯೋಗಳಲ್ಲಿ ಯಾರೋ ಹಾಲು ವಿಷ ಎಂದಿದ್ದರಂತೆ, ಇನ್ಯಾರೋ ಧಾನ್ಯ ವಿಷ ಎಂದಿದ್ದರಂತೆ. ಒಂದೊಂದೇ ಬಿಡುತ್ತಾ ಬಂದು ತಿಂಗಳಿಂದ ಬರೀ ಸಬ್ಬಕ್ಕಿ ಗಂಜಿಯಲ್ಲಿದ್ದಳು. ಅವಳ ತಾಯಿ ಹೇಳಿ ಹೇಳಿ ಸೋತಿದ್ದರು. ನಾನೂ ಆಯೇಷಾಳೂ ಅರ್ಧ ಗಂಟೆ ಮಾತಾಡಿದೆವು. ಹುಡುಗಿ ನೆಲ ನೋಡುತ್ತಾ ಎಲ್ಲದಕ್ಕೂ ಹೂಂ ಎಂದಳು. ತಿನ್ನುವುದಿಲ್ಲ ಎಂದು ನನಗೆ ಗೊತ್ತಾಯಿತು.

ಅವತ್ತು ಈರಣ್ಣನ ತಪಾಸಣೆಯ ದಿನವೂ ಆಗಿತ್ತು. ಅವನು ಮತ್ತೆ ಕಾಯಿ ಸುಲಿಯಲು ಹೋಗುತ್ತಿದ್ದ. ಕಾಯಿಲೆ ಪೂರ್ತಿ ಹೋಗಿರಲಿಲ್ಲ, ಹೋಗುವಂಥದ್ದೂ ಅಲ್ಲ. ವರ್ಷಕ್ಕೊಮ್ಮೆ ತಲೆ ಎತ್ತುತ್ತಿತ್ತು, ಹತೋಟಿಗೆ ಬರುತ್ತಿತ್ತು. ನಾನು ಅವನನ್ನು ಒಳಗೆ ಕರೆದು, "ಈರಣ್ಣ, ಈ ಮಗುಗೆ ನಿನ್ನ ಕಥೆ ಹೇಳ್ತೀಯಾ?" ಎಂದೆ.

ಅವನು ರೂಪಾಳ ಎದುರು ಕೂತ. "ನಾನೂ ಹಿಂಗೇ ಬುಟ್ಟಿದ್ದೆ ಕಣವ್ವಾ. ಗಂಜಿ, ಎಳನೀರು. ಸಾವ್ರ ಕಾಯಿ ಸುಲಿಯೋ ಕೈ ಇದು, ಲೋಟ ಎತ್ತಕ್ಕಾಗ್ತಿರ್ಲಿಲ್ಲ. ಕಾಲು ಹಿಂಗೆ ಊದ್ಕಂಡಿತ್ತು."

"ಯಾರು ಬಿಡಕ್ಕೆ ಹೇಳಿದ್ದು?" ಎಂದಳು ಹುಡುಗಿ. ಅವಳು ಅವತ್ತು ಆಡಿದ ಮೊದಲ ಮಾತು.

ಈರಣ್ಣ ನನ್ನ ಕಡೆ ನೋಡಿದ, ಹೇಳಲೋ ಬೇಡವೋ ಎಂಬಂತೆ. ಆಯೇಷಾ ಬರೆಯುವುದನ್ನು ನಿಲ್ಲಿಸಿದ್ದಳು.

"ನಾನೇ ಹೇಳಿದ್ದು," ಎಂದೆ.

ರೂಪಾ ತಲೆ ಎತ್ತಿ ನನ್ನನ್ನು ನೋಡಿದಳು, ಆಮೇಲೆ ಈರಣ್ಣನನ್ನು. "ಮತ್ತೆ ಇವ್ರ ಹತ್ರಾನೇ ಯಾಕ್ ಬರ್ತೀರಾ?"

"ಫೋನ್‌ನಾಗೆ ಹೇಳ್ದೋರು ಯಾರಾದ್ರೂ ನಿಮ್ಮನೆಗೆ ಬಂದಿದ್ರಾ ಕೂಸೇ, ತಿಂದ್ಯಾ ಬುಟ್ಯಾ ಅಂತ ಕೇಳಕ್ಕೆ?" ಎಂದ ಈರಣ್ಣ. "ಇವ್ರು ಬಂದಿದ್ರು. ನಮ್ಮನೆ ನೆಲದ ಮೇಲೆ ಕೂತಿದ್ರು."

ನಾನು ಬಾಯಿ ತೆರೆಯುವಷ್ಟರಲ್ಲಿ ಆಯೇಷಾ ತನ್ನ ಕುರ್ಚಿಯನ್ನು ಎಳೆದುಕೊಂಡು ರೂಪಾಳ ಪಕ್ಕಕ್ಕೆ ಬಂದಳು. ಕೈಯಲ್ಲಿ ಹಾಳೆಯಿಲ್ಲ, ಪೆನ್ನಿಲ್ಲ.

"ನೆನ್ನೆ ನಿಮ್ಮನೇಲಿ ಏನ್ ಅಡುಗೆ ಮಾಡಿದ್ರು?" ಎಂದು ಕೇಳಿದಳು.

"ಮುದ್ದೆ. ಹೆಸರುಕಾಳು ಬಸ್ಸಾರು."

"ಒಲೆ ಮೇಲೆ ಕುದಿಯೋವಾಗ ವಾಸನೆ ಬಂತಾ?"

ಹುಡುಗಿಯ ಕಣ್ಣು ತುಂಬಿತು. "ಬಂತು."

"ತಿನ್ಬೇಕು ಅನ್ನಿಸ್ತಾ?"

"ಹೂಂ." ಈ ಹೂಂ ಬೇರೆಯದಾಗಿತ್ತು.

"ಹಂಗಾದ್ರೆ ಇವತ್ತು ಆ ಸಾರಿನ ತಿಳಿ ನಾಲ್ಕು ಚಮಚ. ನಾಳೆ ಬೆಳಿಗ್ಗೆ ನಾನೇ ಫೋನ್ ಮಾಡಿ ಕೇಳ್ತೀನಿ, ಹೆಂಗಿತ್ತು ಅಂತ. ಈಗ ನಾನು ಏನು ಹೇಳಿದೆ, ನೀನೇ ಹೇಳು."

ರೂಪಾ ಹೇಳತೊಡಗಿದಳು. ನಾನು ಎದ್ದು, ನನ್ನ ಬ್ಯಾಗು ತೆಗೆದುಕೊಂಡು, ಸದ್ದಾಗದಂತೆ ಬಾಗಿಲು ಮುಂದೆ ಮಾಡಿ ಹೊರಗೆ ಬಂದೆ.